ಮುರಿದ ಕಂಬ ಯಾವ ಕಡೆ

ಬಸ್ಸು ನಿಂತಿತು. ಎಲ್ಲರೂ ಎದ್ದು ತಲೆಯ ಮೇಲಿನ ಚೀಲಗಳನ್ನು ಎಳೆದುಕೊಳ್ಳುತ್ತಿದ್ದರು, ಅವನು ಮಾತ್ರ ಕೂತೇ ಇದ್ದ. ಕಿಟಕಿಯ ಪರದೆಯನ್ನು ಹತ್ತಿದ ಕೂಡಲೇ ಎಳೆದಿದ್ದ; ಮಗಳು ಎರಡು ಸಲ ಸರಿಸಿದಾಗ ಎರಡು ಸಲವೂ ಬಿಸಿಲು ಎಂದು ಮತ್ತೆ ಎಳೆದಿದ್ದ. "ಬಂತಪ್ಪ, ಇಳಿ" ಎಂದಳು ಮಗಳು. ಸಂಕಟವಾಗುತ್ತಿದೆ ಎಂದು ಅವನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ. ಬೆಳಿಗ್ಗೆ ಹೋಟೆಲಿನಲ್ಲಿ ತಿಂದ ತಣ್ಣನೆಯ ಬ್ರೆಡ್ಡಿನ ಮೇಲೆ ತಪ್ಪು ಹೊರಿಸಬಹುದಿತ್ತು, ಆದರೆ ಈ ಸಂಕಟ ಬ್ರೆಡ್ಡಿನದಲ್ಲ, ಇಪ್ಪತ್ತಾರು ವರ್ಷ ಹಳೆಯದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಳಿದು ಇನ್ನೂರು ಹೆಜ್ಜೆ ನಡೆದರೆ ಕಲ್ಲಿನ ದೊಡ್ಡ ಬಾಗಿಲು ಇರುತ್ತದೆ. ಬಾಗಿಲಿನ ಎಡಕ್ಕೊಂದು ಬಲಕ್ಕೊಂದು ಕಂಬ ಇರುತ್ತವೆ, ಒಂದು ನೆಟ್ಟಗೆ ನಿಂತದ್ದು, ಇನ್ನೊಂದು ಸೊಂಟದೆತ್ತರಕ್ಕೆ ಮುರಿದದ್ದು. ಮುರಿದದ್ದು ಬಲಗಡೆ ಇದ್ದರೆ ಅವನು ಬದುಕಿದ. ಎಡಗಡೆ ಇದ್ದರೆ ಏನು ಎಂಬುದನ್ನು ಯೋಚಿಸಲು ಅವನಿಗೆ ಧೈರ್ಯ ಬರಲಿಲ್ಲ.

ಮಗಳಿಗೆ ಇದೊಂದೂ ತಿಳಿಯದು. ಅವಳಿಗೆ ತಿಳಿದದ್ದು ಮನೆಯ ನಡುಕೋಣೆಯ ಗೋಡೆಯ ಮೇಲಿನ ಚಿತ್ರ. ಆರನೇ ತರಗತಿಯ ಇತಿಹಾಸ ಪುಸ್ತಕದ ಬಣ್ಣದ ಪುಟ. ಅವನು ಪ್ರೆಸ್ಸಿನಲ್ಲಿ ಫೋರ್‌ಮನ್ ಆದ ಮೇಲೆ ನಾಲ್ಕು ಬಣ್ಣದಲ್ಲಿ ಮಾಡಿಸಿದ ಮೊದಲ ಕೆಲಸ. ಪ್ರೂಫ್ ಹಾಳೆಯನ್ನು ಹೆಂಡತಿ ಕಟ್ಟು ಹಾಕಿಸಿ ತೂಗುಹಾಕಿದ್ದಳು. ಬೇಡ ಎಂದು ಅವನು ಹೇಳಿದ್ದ, ವಿನಯ ಅಂದುಕೊಂಡರು. ಆ ಚಿತ್ರದ ಕೆಳಗೆ ಅವನು ಇಪ್ಪತ್ತಾರು ವರ್ಷ ಊಟ ಮಾಡಿದ್ದಾನೆ, ಗೋಡೆಗೆ ಬೆನ್ನು ಹಾಕಿ. ಮಗಳು ಅದನ್ನೇ ನೋಡಿಕೊಂಡು ಬೆಳೆದಳು, ಅದರ ಕಡೆ ಮುಖ ಮಾಡಿ. ಅವನು ನಿವೃತ್ತನಾದ ದಿನವೇ, ಅಪ್ಪನಿಗೆ ಅದನ್ನು ಕಣ್ಣಾರೆ ತೋರಿಸಿಯೇ ತೀರುತ್ತೇನೆ ಎಂದು ಅವಳು ಹಟ ಹಿಡಿದಳು. ಮಂಡಿ ನೋವಿನ ಹೆಂಡತಿ ನೀವಿಬ್ಬರೂ ಹೋಗಿ ಬನ್ನಿ ಎಂದಳು. ಹೊರಡುವ ಮುನ್ನ ಮಗಳು ಫೋನಿನಲ್ಲಿ ಆ ಜಾಗದ ಫೋಟೋ ತೋರಿಸಲು ಬಂದಾಗಲೆಲ್ಲ ಅವನು ಕಣ್ಣು ಮುಚ್ಚಿ, "ಈಗ್ಲೇ ನೋಡಿದ್ರೆ ಅಲ್ಲಿ ಏನು ಮಜಾ ಇರುತ್ತೆ?" ಎನ್ನುತ್ತಿದ್ದ. ಮುದುಕನ ಮಕ್ಕಳಾಟ ಎಂದು ಅಮ್ಮ ಮಗಳು ನಕ್ಕಿದ್ದರು. ಇಷ್ಟು ವರ್ಷ ಒಂದು ಪುಸ್ತಕ, ಒಂದು ಕ್ಯಾಲೆಂಡರು, ಒಂದು ಅಂಚೆಚೀಟಿಯಲ್ಲೂ ಆ ಬಾಗಿಲನ್ನು ನೋಡದಂತೆ ಅವನು ತನ್ನನ್ನು ಕಾಯ್ದುಕೊಂಡು ಬಂದಿದ್ದ, ಸಾಲಗಾರ ಒಂದು ಬೀದಿಯನ್ನೇ ಬಿಟ್ಟು ಸುತ್ತಿಕೊಂಡು ಹೋಗುವ ಹಾಗೆ.

ನಿನ್ನೆ ವಿಮಾನ ಇಳಿದಾಗ ಒಂದು ದಾರಿ ತೆರೆದಂತೆ ಕಂಡಿತ್ತು. ಗಾಜಿನ ಗೂಡಿನಲ್ಲಿ ಕೂತ ಅಧಿಕಾರಿ ಅವನ ಬೆರಳುಗಳನ್ನು ಯಂತ್ರದ ಮೇಲೆ ಒತ್ತಿಸಿದ. ಕೆಂಪು ದೀಪ. ಒರೆಸಿಕೊಂಡು ಒತ್ತು ಎಂದು ಕೈಸನ್ನೆ ಮಾಡಿದ. ಮತ್ತೆ ಕೆಂಪು. ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಅಚ್ಚಿನ ಪ್ಲೇಟು ತೊಳೆಯುವ ಮದ್ದಿನಲ್ಲಿ ಅದ್ದಿದ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಬೇಸರದಿಂದ ಉಸಿರು ಬಿಡುವುದು ಕತ್ತಿನ ಮೇಲೆ ಬಿದ್ದಂತಾಗುತ್ತಿತ್ತು. ಅಧಿಕಾರಿ ಅವನ ಕೈಯನ್ನು ತಾನೇ ಹಿಡಿದು, ಒಂದೊಂದೇ ಬೆರಳನ್ನು, ಅದು ಅವನದಲ್ಲವೆಂಬಂತೆ ಒತ್ತಿ ನೋಡಿದ. ಆಮೇಲೆ ಪಕ್ಕದ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದರು. ಅಲ್ಲಿ ಕೂತಾಗ ಅವಮಾನದ ಅಡಿಯಲ್ಲಿ ಒಂದು ಆಸೆ ಚಿಗುರಿತು. ವಾಪಸ್ ಕಳಿಸಿಬಿಟ್ಟರೆ! ತನ್ನ ತಪ್ಪಿಲ್ಲದೆ ತಾನು ನೋಡದೆ ಹೋದರೆ! ಆದರೆ ಮಗಳು ಬಂದಳು. ಆಸ್ಪತ್ರೆಯಲ್ಲಿ ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸುವವಳು. ಏಳಲಾರೆ ಎಂದವರನ್ನೂ ಎಬ್ಬಿಸಿ ನಡೆಸಿ ಅಭ್ಯಾಸ. ಅರ್ಧ ಗಂಟೆ ವಾದ ಮಾಡಿ ಅವನನ್ನು ಬಿಡಿಸಿಕೊಂಡಳು. ಹೊರಗೆ ಬರುವಾಗ ಅವನ ತೋಳು ಹಿಡಿದು, "ನಾನಿದೀನಲ್ಲಪ್ಪ, ಯಾಕೆ ಹೆದರ್ತೀಯ?" ಎಂದಳು. ಅವಳು ಇರುವುದರಿಂದಲೇ ಹೆದರಿಕೆ ಎಂದು ಹೇಗೆ ಹೇಳುವುದು?

ಕೊನೆಗೂ ಇಳಿದ. ಗೈಡು ಎಲ್ಲರ ಎದೆಗೂ ಗುಂಪಿನ ಸಂಖ್ಯೆಯ ಚೀಟಿ ಅಂಟಿಸುತ್ತಿದ್ದ, ಹನ್ನೊಂದು. ತಲೆಗೆ ಕಾಗದದ ಟೋಪಿ. ಟೋಪಿ ದೊಡ್ಡದಾಗಿ ಕಿವಿಗಳ ಮೇಲೆ ಕೂತಿತು. ಹಾದಿಯುದ್ದಕ್ಕೂ ಪುಡಿಗಲ್ಲು ಹಾಕಿದ್ದರು, ಪ್ರತಿ ಹೆಜ್ಜೆಗೂ ಯಾರೋ ಹುರಿಗಾಳು ಅಗಿದಂತೆ ಸದ್ದು. ಅವನು ಅದನ್ನೇ ನೋಡಿಕೊಂಡು ನಡೆದ. ತಲೆ ಎತ್ತದಿದ್ದರೆ ಇನ್ನೂ ಏನೂ ಆಗಿಲ್ಲ. ಪ್ರೆಸ್ಸಿಗೆ ಸೇರಿದ ಹೊಸದರಲ್ಲಿ ಹೀಗೆಯೇ ನೆಲ ನೋಡಿಕೊಂಡು ಅಲ್ಲಿನ ಕ್ಯಾಮೆರಾ ಕೋಣೆಯ ಕಪ್ಪು ಪರದೆ ಸರಿಸಿ ಮೊದಲ ಸಲ ಒಳಗೆ ಹೋದದ್ದು. ಕತ್ತಲಲ್ಲಿ ಒಂದು ದನಿ, "ಬಾರೋ, ಕಾಲಿಗೆ ಬಕೆಟ್ಟು ಸಿಗುತ್ತೆ, ಹುಷಾರು." ಪ್ರೆಸ್ಸಿನವರೆಲ್ಲ ಕತ್ತಲೆರಾಯ ಎಂದು ಕರೆಯುತ್ತಿದ್ದ ಕ್ಯಾಮೆರಾದವನು. ಅವನಿಗಿಂತ ಹತ್ತು ವರ್ಷ ದೊಡ್ಡವನು. ಅಣ್ಣ ಎಂದು ಕರೆಯಲು ಯಾರೂ ಹೇಳಿಕೊಟ್ಟಿರಲಿಲ್ಲ, ತಾನಾಗಿಯೇ ಬಂದಿತ್ತು. ಫಿಲ್ಮಿಗೆ ಎರಡು ಮೈ ಎಂದು ಅವನಿಗೆ ಕಲಿಸಿದವನು ಕತ್ತಲೆರಾಯ. ಒಂದು ಬರೀ ನುಣುಪು, ಇನ್ನೊಂದಕ್ಕೆ ಮದ್ದು ಬಳಿದಿರುತ್ತದೆ. ಕತ್ತಲಲ್ಲಿ ಯಾವುದು ಯಾವುದೆಂದು ಕಾಣುವುದಿಲ್ಲ. ಕತ್ತಲೆರಾಯ ಕೆಳತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು ಫಿಲ್ಮನ್ನು ತಾಗಿಸುತ್ತಿದ್ದ. ಅಂಟಿದರೆ ಮದ್ದಿನ ಮೈ. "ಕಣ್ಣಾದ್ರೂ ಮೋಸ ಹೋಗುತ್ತೆ ಕಣೋ, ತುಟಿ ಹೋಗಲ್ಲ" ಎನ್ನುತ್ತಿದ್ದ. ಊಟಕ್ಕೆ ಕೂತಾಗ ಅವನ ತುಟಿಯ ಮೇಲೆ ಯಾವಾಗಲೂ ಒಂದು ಕಂದು ಕಲೆ. ಮುತ್ತು ಕೊಟ್ಟೋರು ಯಾರು ಎಂದು ಹುಡುಗರು ರೇಗಿಸುತ್ತಿದ್ದರು.

ಆ ಕಲ್ಲಿನ ಬಾಗಿಲಿನ ಸ್ಲೈಡಿನ ಮೇಲೆ ಧೂಳಿತ್ತು. ಪಠ್ಯಪುಸ್ತಕದವರು ಕಳಿಸಿದ ಒಂದೇ ಒಂದು ಸ್ಲೈಡು, ಬೆಳಕಿಗೆ ಹಿಡಿದರೆ ಚಿತ್ರ ಕಾಣುವ ಫಿಲ್ಮಿನ ತುಂಡು. ರಟ್ಟಿನ ಚೌಕಟ್ಟು ಬಿಡಿಸಿ, ಹತ್ತಿಯಿಂದ ಒರೆಸಿ, ಮತ್ತೆ ಕೂರಿಸಿದವನು ಕತ್ತಲೆರಾಯನಲ್ಲ, ಅವನೇ. ಕೂರಿಸುವಾಗ ಹೊರಗಿನಿಂದ ಯಾರೋ ಕೂಗಿದರು, ಅವನು ತಿರುಗಿದ. ತಿರುಗಿದಾಗ ಕೈಯಲ್ಲಿದ್ದ ಫಿಲ್ಮು ಮಗುಚಿತೋ ಇಲ್ಲವೋ. ಈ ಒಂದು ಕ್ಷಣವನ್ನು ಅವನು ಎಷ್ಟು ಸಲ ತಿರುವಿ ನೋಡಿದ್ದಾನೆಂದರೆ, ಅದರಲ್ಲಿ ನಡೆದದ್ದೆಷ್ಟು ತಾನು ಸೇರಿಸಿದ್ದೆಷ್ಟು ಎಂಬುದು ಈಗ ಅವನಿಗೇ ತಿಳಿಯದು. ಚಿತ್ರದಲ್ಲಿ ಒಂದು ಅಕ್ಷರವಿದ್ದಿದ್ದರೆ, ಬಲಗೈಯಲ್ಲಿ ಕತ್ತಿ ಹಿಡಿದವನೊಬ್ಬನಿದ್ದಿದ್ದರೆ ಗೊತ್ತಾಗುತ್ತಿತ್ತು. ಬರೀ ಕಲ್ಲು, ಆಕಾಶ, ಬಲಗಡೆ ಮುರಿದ ಕಂಬ, ಬಾಗಿಲ ಮೇಲೆ ಸಾಲಾಗಿ ಏಳು ಕಲ್ಲಿನ ಮುಖಗಳು, ಏಳೂ ನೇರ ಮುಂದಕ್ಕೆ ನೋಡುವಂಥವು. ಫಿಲ್ಮು ಆಯಿತು, ಪ್ಲೇಟು ಆಯಿತು, ಅರ್ಧ ಹಾಳೆಗಳು ಮಿಷನ್ನಿನಲ್ಲಿ ಅಚ್ಚಾಗಿಯೂ ಆದವು. ಸ್ಲೈಡನ್ನು ಪೊಟ್ಟಣಕ್ಕೆ ಹಾಕುವ ಮುಂಚೆ ಕತ್ತಲೆರಾಯ ಅಭ್ಯಾಸಬಲದಿಂದ ತುಟಿಗೆ ತಾಗಿಸಿದವನು ಹಾಗೇ ನಿಂತುಬಿಟ್ಟ; ಮದ್ದಿನ ಮೈ ಇರಬೇಕಾದ ಕಡೆ ಇರಲಿಲ್ಲ. ಓಡಿ ಬಂದು ಮಿಷನ್ನಿನ ಸದ್ದಿನ ಮೇಲೆ ಕೂಗಿದ, "ನಿಲ್ಲಿಸ್ರೋ! ಚಿತ್ರ ಮಗುಚಿದೆ! ಎಡ ಬಲ ಆಗಿದೆ!" ಎಂಟು ಜನ ಕೆಲಸಗಾರರು ಫೋರ್‌ಮನ್ ಮುಖ ನೋಡಿದರು. ಇವನು ಫೋರ್‌ಮನ್ ಆಗಿ ಮೂರು ತಿಂಗಳಾಗಿತ್ತು. "ಅದು ನಕಲಿನ ನಕಲು ಅಣ್ಣ, ನಕಲಲ್ಲಿ ಮದ್ದಿನ ಮೈ ಆ ಕಡೆಗೂ ಬರುತ್ತೆ" ಎಂದ. ಸುಳ್ಳೇನಲ್ಲ, ಹಾಗೂ ಆಗುವುದುಂಟು. ಆದರೆ ಹೇಳುವಾಗ ಅವನ ಕಿವಿ ಬಿಸಿಯಾಗಿತ್ತು.

ಮಾಲೀಕ ಕೆಟ್ಟವನಲ್ಲ. ಇಬ್ಬರನ್ನೂ ಬೇರೆ ಬೇರೆ ಕರೆದು ಕೇಳಿದ. ಗಾಜಿನ ಕೋಣೆ, ಮೇಜಿನ ಮೇಲೆ ಒದ್ದೆ ಪ್ರೂಫು, ಅದರ ಮೇಲೆ ಎರಡು ಪೇಪರ್‌ವೆಯ್ಟು. "ಯಾರ ಮಾತು ನಂಬ್ಲಯ್ಯ ನಾನು?" ಆಗ ಅವನ ಬಾಯಿಂದ ಬಂದ ಮಾತನ್ನು ಅವನು ಮೊದಲೇ ಯೋಚಿಸಿರಲಿಲ್ಲ. "ಅಣ್ಣಂಗೆ ಈಚೆಗೆ ಕಣ್ಣು ಮಂಜು ಸಾರ್. ಹೇಳ್ಕೊಳ್ಳಲ್ಲ. ಕತ್ತಲಲ್ಲೇ ಕೂತು ಕೂತು ಹಾಗಾಗಿದೆ." ಎಷ್ಟು ಮರುಕದಿಂದ ಹೇಳಿದ್ದ! ತುಟಿ ಕಂಡುಹಿಡಿದದ್ದನ್ನು ತಂದು ಕಣ್ಣಿನ ಮೇಲೆ ಹಾಕಿದ್ದ. ಮಾಲೀಕ ಕತ್ತಲೆರಾಯನನ್ನು ಕರೆಸಿ, ಪ್ರೀತಿಯಿಂದಲೇ, ನಿನ್ನ ಕಣ್ಣಿನ ವಿಷಯ ಫೋರ್‌ಮನ್ ಹೇಳಿದ, ಇನ್ನು ಕ್ಯಾಮೆರಾ ಬೇಡ, ಹಾಳೆ ಎಣಿಸುವ ಕಡೆ ಕೂತುಕೋ ಎಂದ. ಒಂದು ತಿಂಗಳು ಹಾಳೆ ಎಣಿಸಿ ಕತ್ತಲೆರಾಯ ಕೆಲಸ ಬಿಟ್ಟ. ಬಿಟ್ಟ ದಿನ ಇವನ ಮನೆಗೆ ಬಂದಿದ್ದ. ಕೋಪಕ್ಕೆ ತಯಾರಾಗಿ ಇವನು ಬಾಗಿಲಲ್ಲೇ ನಿಂತಿದ್ದರೆ, ಅವನು ಎರಡೂ ಕೈ ಹಿಡಿದುಕೊಂಡು, "ನೀನಾದ್ರೂ ಹೇಳಿದ್ಯಲ್ಲೋ. ನನ್ನ ಕಣ್ಣು ಹೋಗ್ತಿರೋದು ನಂಗೇ ಗೊತ್ತಾಗಿರ್ಲಿಲ್ಲ" ಎಂದ. ಬೈದಿದ್ದರೆ ಆಗಲೇ ತೀರಿಹೋಗುತ್ತಿತ್ತು. ಆಮೇಲೆ ಅವನು ಯಾವ ಪ್ರೆಸ್ಸಿಗೂ ಹೋಗಲಿಲ್ಲ, ಆಸ್ಪತ್ರೆಯೊಂದರಲ್ಲಿ ಲಿಫ್ಟಿನವನಾದ. ಗುಂಡಿ ಒತ್ತೋಕೆ ಕಣ್ಣು ಬೇಡ ಎನ್ನುತ್ತಿದ್ದನಂತೆ. ವರ್ಷಗಳ ಮೇಲೆ ಮಗಳು ಅದೇ ಆಸ್ಪತ್ರೆಗೆ ಕೆಲಸಕ್ಕೆ ಸೇರಿದಳು. ಕತ್ತಲೆರಾಯ ಅವಳಿಗೆ ಚಿಕ್ಕಂದಿನಿಂದ ದೊಡ್ಡಪ್ಪ. ದೊಡ್ಡಪ್ಪ ಸಿಕ್ಕಿದ್ರು, ದೊಡ್ಡಪ್ಪ ನಿನ್ನ ಕೇಳಿದ್ರು ಎಂದು ದಿನಾ ಬಂದು ಹೇಳುವಳು. ಅವಳಿಗೆ ಊಟದ ಡಬ್ಬಿ ಕೊಡಲು ಹೋದಾಗಲೆಲ್ಲ ಅವನು ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಹೋಗಿದ್ದಾನೆ. ಆರೋಗ್ಯಕ್ಕೆ ಒಳ್ಳೆಯದು ಎಂದು.

"ಅಪ್ಪ, ತಲೆ ಎತ್ತು" ಎಂದಳು ಮಗಳು.

ಎತ್ತಿದ. ಮುರಿದ ಕಂಬ ಎಡಗಡೆ ಇತ್ತು.

ಆಕಾಶ ಕಳಚಿ ಬೀಳಲಿಲ್ಲ. ಕಾಗದದ ಟೋಪಿಯ ಜನ ಓಡಾಡುತ್ತಲೇ ಇದ್ದರು, ಯಾರದೋ ಮಗು ಐಸ್‌ಕ್ರೀಮಿಗೆ ಅಳುತ್ತಿತ್ತು. ಬಿಸಿಲು ಬಿದ್ದ ಆ ಕಲ್ಲಿನ ಬಣ್ಣ ತಾವು ಹಾಕಿದ್ದ ಹಳದಿಗಿಂತ ತೆಳು ಎಂದು ಅವನ ತಲೆಯ ಒಂದು ಮೂಲೆ ಗಮನಿಸಿತು, ಇನ್ನೆರಡು ಅಂಶ ಇಳಿಸಬೇಕಿತ್ತು ಎಂದು ಲೆಕ್ಕವನ್ನೂ ಹಾಕಿತು. ಇನ್ನೊಂದು ಸಲ ನೋಡಿದ. ತನ್ನ ಎಡಗೈ ಎತ್ತಿ, ಉಂಗುರದ ಕೈ, ಹೌದು ಇದೇ ಎಡಗೈ ಎಂದು ಮನಸ್ಸಿನಲ್ಲಿ ಹೇಳಿಕೊಂಡ. ಆ ಕೈಯ ಕಡೆಗೇ ಮೋಟು ಕಂಬ. ಏಳು ಮುಖಗಳು ನೇರ ಅವನನ್ನೇ ನೋಡುತ್ತಿದ್ದವು, ಮೂಗು ಸವೆದವು, ಕಣ್ಣು ಮಾತ್ರ ಚೆನ್ನಾಗಿ ಉಳಿದವು. ಒಂಬತ್ತು ವರ್ಷ ಆ ಪುಸ್ತಕ ನಡೆಯಿತು. ಎಷ್ಟು ಲಕ್ಷ ಮಕ್ಕಳು ಇದನ್ನು ತಿರುವುಮುರುವಾಗಿ ಕಲಿತರೋ, ಅವರಿಗೇನೂ ಆಗಲಿಲ್ಲ, ಆಗುವುದೂ ಇಲ್ಲ. ಆದದ್ದು ಒಬ್ಬನಿಗೆ. ಅವನು ಅಲ್ಲೇ ಇದ್ದ ಒಂದು ಉರುಳುಗಲ್ಲಿನ ಮೇಲೆ ಕೂತ. ಕೂಡಲೇ ಸೀಟಿ ಊದಿಕೊಂಡು ಕಾವಲಿನವಳೊಬ್ಬಳು ಬಂದು, ಅದು ಕೂರುವ ಕಲ್ಲಲ್ಲ ಎಂದು ಕೈಬೀಸಿ ಎಬ್ಬಿಸಿದಳು. ಸುತ್ತಲಿನವರು ನೋಡಿದರು. ಮಗಳು ಅವನ ಪರವಾಗಿ ಕ್ಷಮೆ ಕೇಳಿ, ಸಿಮೆಂಟಿನ ಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ಕಣ್ಣು ಒದ್ದೆಯಾದದ್ದನ್ನು ನೋಡಿ ಅವಳ ಕಣ್ಣೂ ತುಂಬಿತು.

"ನಂಗೊತ್ತಿತ್ತಪ್ಪ, ನೀನು ಅಳ್ತೀಯ ಅಂತ. ಅಮ್ಮನ ಹತ್ರ ಹೇಳೇ ಬಂದಿದ್ದೆ. ಆದ್ರೆ ನಿಜ ಹೇಳ್ಲಾ? ನಮ್ಮನೆ ಚಿತ್ರದಲ್ಲೇ ಇನ್ನೂ ಚೆನ್ನಾಗಿದೆ. ಇಲ್ಲಿ ಏನೋ ಬೇರೆ ಥರ ಕಾಣುತ್ತೆ."

"ಮಗಳೇ," ಎಂದ ಅವನು. "ಒಂದು ವಿಷಯ. ಆ ಚಿತ್ರ..."

"ತಡಿ ತಡಿ, ಟೋಪಿ ತೆಗಿ, ಬೆಳಕು ಚೆನ್ನಾಗಿದೆ. ಹ್ಞೂ, ನಗು."

ನಕ್ಕ. ಆ ನಗುವನ್ನು ಅವಳು ನಾಲ್ಕು ಸಲ ತೆಗೆದಳು. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದು ಅವನು ಒಳಗೇ ಎಣಿಸುತ್ತಿದ್ದ. ಹೇಳುವುದೇನೂ ಕಷ್ಟವಿಲ್ಲ, ನಾಲ್ಕು ವಾಕ್ಯ. ಊರಿಗೆ ಹೋಗಿ ಅಣ್ಣನ ಕಾಲು ಹಿಡಿದು ಹೇಳಿಬಿಡಬೇಕು, ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ, ನಿನ್ನ ತುಟಿ ಹೇಳಿದ್ದೇ ಸರಿ ಎಂದು. ಅಷ್ಟು ಅಂದುಕೊಂಡದ್ದಕ್ಕೇ ಎದೆ ಸ್ವಲ್ಪ ಹಗುರಾಯಿತು. ಅಷ್ಟರಲ್ಲಿ ಮಗಳು, "ಅಯ್ಯೋ, ದೊಡ್ಡಪ್ಪನ್ನೇ ಮರೆತೆ ನೋಡು! ಅವರೂ ತಾನೇ ಈ ಚಿತ್ರ ಮಾಡಿದ್ದು?" ಎಂದವಳೇ ಫೋನು ಹಚ್ಚಿದಳು. ಬೇಡ ಎನ್ನುವಷ್ಟರಲ್ಲಿ ಅತ್ತ ಕಡೆ ಎತ್ತಿದ್ದರು. ಅವಳು ಸ್ಪೀಕರ್ ಹಾಕಿ ಫೋನನ್ನು ಇಬ್ಬರ ನಡುವೆ ಹಿಡಿದಳು.

"ದೊಡ್ಡಪ್ಪ, ಎಲ್ಲಿದೀವಿ ಹೇಳಿ ನೋಡೋಣ?"

"ಲಿಫ್ಟಲ್ಲಿ ಸಿಕ್ಕಾಕ್ಕೊಂಡ್ಯೇನಮ್ಮ?" ಅದೇ ದನಿ, ಸ್ವಲ್ಪ ತೆಳುವಾಗಿತ್ತು.

ಅವಳು ನಗುತ್ತಾ ಹೇಳಿದಳು. ಅತ್ತ ಕಡೆ ಕುರ್ಚಿ ಎಳೆದ ಸದ್ದಾಯಿತು. "ಅದು ನಿಜವಾಗ್ಲೂ ಇದೆಯಾ! ನಾನು ಯಾರೋ ಕೂತು ಬಿಡಿಸಿದ್ದು ಅಂದ್ಕೊಂಡಿದ್ದೆ. ಎಲ್ಲಿ ನಮ್ಮ ಫೋರ್‌ಮನ್ನು? ಕೊಡು ಅವನಿಗೆ."

"ಅಣ್ಣ, ಚೆನ್ನಾಗಿದೀಯಾ?" ಎಂದ ಅವನು. ದನಿ ತನ್ನದಲ್ಲ ಅನ್ನಿಸಿತು.

"ನಂಗೇನಾಗಿದ್ಯೋ, ಗುಂಡುಕಲ್ಲಿನ ಥರ ಇದೀನಿ. ನೋಡಿದ್ಯಾ? ದೊಡ್ಡದಾಗಿದೆಯಾ?"

"ಹ್ಞೂ ಅಣ್ಣ. ದೊಡ್ಡದು."

"ಒಂದು ಕೇಳ್ಲಾ? ಸುಮ್ನೆ ಕೇಳ್ತಿರೋದು, ಈಗ ಅದರಿಂದ ಆಗಬೇಕಾದ್ದೇನೂ ಇಲ್ಲ. ಆವತ್ತು ನಾನು ಜಗಳಾಡಿದ್ನಲ್ಲ, ಎಲ್ಲರ ಎದುರಿಗೆ ನಿನ್ನ ಮಾನ ತೆಗೆದೆ. ಆ ಮುರಿದ ಕಂಬ. ಯಾವ ಕಡೆ ಇದೆ?"

ಇಷ್ಟು ಸುಲಭವಾಗಿ ಬಾಗಿಲು ತೆರೆದುಕೊಳ್ಳುತ್ತದೆ ಎಂದು ಅವನು ಅಂದುಕೊಂಡಿರಲಿಲ್ಲ. ಒಂದೇ ಪದ ಹೇಳಿದರೆ ಸಾಕು, ಉಳಿದ ನಾಲ್ಕು ವಾಕ್ಯವೂ ಬೇಡ. ಮಗಳು ಫೋನು ಹಿಡಿದುಕೊಂಡು ಅವನನ್ನೇ ಪ್ರೀತಿಯಿಂದ ನೋಡುತ್ತಿದ್ದಳು. ಒಂದೇ ಪದ. ಗಂಟಲಲ್ಲಿ ಅದು ಎದ್ದು ಬಂದದ್ದೂ ಅವನಿಗೆ ಗೊತ್ತಾಯಿತು.

"ಬಲಗಡೆ ಅಣ್ಣ" ಎಂದ.

"ಹಾಗಾದ್ರೆ ಸರಿ. ಹಾಗಾದ್ರೆ ಸರಿಯಪ್ಪ" ಎಂದಿತು ದನಿ.

"ಅಯ್ಯೋ ಅಪ್ಪ!" ಮಗಳು ನಕ್ಕುಬಿಟ್ಟಳು. "ಎಡಗಡೆ ಅಲ್ವಾ? ದೊಡ್ಡಪ್ಪ, ಅಪ್ಪಂಗೆ ಸಂತೋಷಕ್ಕೆ ಎಡ ಬಲವೇ ತಿಳೀತಿಲ್ಲ. ಎಡಗಡೆ ಇದೆ. ನನ್ನ ಎದುರಿಗೇ ಇದೆ."

ಫೋನಿನೊಳಗೆ ಎಲ್ಲೋ ಒಂದು ಕುಕ್ಕರ್ ಕೂಗಿ ನಿಂತಿತು. ಮಗಳ ಮುಖದ ನಗು ಅಲ್ಲೇ ಇತ್ತು, ಆದರೆ ಅದಕ್ಕೆ ಏನು ಮಾಡಬೇಕೆಂದು ತೋಚದಂತಿತ್ತು. ಕೊನೆಗೆ ಕತ್ತಲೆರಾಯ ಮಾತಾಡಿದ. ಕತ್ತಲ ಕೋಣೆಯಲ್ಲಿ ಕಾಲಿಗೆ ಬಕೆಟ್ಟು ಸಿಗುತ್ತದೆ ಎಂದು ಹೇಳುವಾಗ ಇರುತ್ತಿದ್ದ ಅದೇ ಎಚ್ಚರ ಆ ದನಿಯಲ್ಲಿ. "ನೋಡಮ್ಮ, ಸರಿಯಾಗಿ ನೋಡಿ ಹೇಳು. ನೀವು ಅದರ ಮುಂದೆ ನಿಂತಿದೀರೋ ಹಿಂದೆ ನಿಂತಿದೀರೋ? ಹಿಂದಿನಿಂದ ನೋಡಿದ್ರೆ ಎಡ ಬಲ ಬದಲಾಗುತ್ತೆ. ಅಪ್ಪನ್ನ ಕೇಳು. ಅವನಿಗೆ ಗೊತ್ತಾಗುತ್ತೆ."

ಅವಳು ಫೋನನ್ನು ಅವನ ಕಡೆಗೆ ಚಾಚಿದಳು. ಬಾಗಿಲ ಮೇಲಿನ ಏಳು ಮುಖಗಳು ಎದುರಿಗೆ.

"ಹಿಂದೆ" ಎಂದ ಅವನು. "ಹಿಂದೆ ನಿಂತಿದೀವಿ ಅಣ್ಣ."

"ಹಾಗೇ ಅಂದ್ಕೊಂಡೆ ನಾನು. ಮುಂದಕ್ಕೆ ಹೋಗಿ ನೋಡಿ ಮಾರಾಯ್ರೆ, ಅಷ್ಟು ದೂರ ಹೋಗಿ ಬೆನ್ನು ನೋಡ್ಕೊಂಡು ಬರ್ತೀರಾ? ಇಡ್ಲಾ? ನಿಮ್ಮ ಫೋನಿನ ದುಡ್ಡು ಸುಮ್ನೆ ಓಡ್ತಿದೆ."

ಮಗಳು ಫೋನನ್ನು ಚೀಲಕ್ಕೆ ಹಾಕಿ, ಚೀಲದ ಜಿಪ್ಪು ಎಳೆದಳು. ಆಮೇಲೆ ಎದ್ದು, ಅವನಿಗೆ ಬಾ ಎಂದೂ ಹೇಳದೆ, ಆ ಕಟ್ಟಡದ ಪಕ್ಕದಿಂದ ಸುತ್ತಿಕೊಂಡು ಹಿಂದಕ್ಕೆ ಹೋದಳು. ಅವನಿಗೆ ಅವಳನ್ನು ಕೂಗಬೇಕೆನ್ನಿಸಿತು. ಕೂಗಿ ಏನೆಂದು ಹೇಳುವುದು? ಕಾಗದದ ಟೋಪಿಯನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ತನ್ನಂಥ ಹೇಡಿ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಅನ್ನಿಸಿ, ಹಾಗೆ ಅನ್ನಿಸಿದ್ದರಿಂದ ಸ್ವಲ್ಪ ಸಮಾಧಾನವೂ ಆಗಿ, ಆ ಸಮಾಧಾನಕ್ಕೆ ಮತ್ತೆ ನಾಚಿಕೆಯಾಯಿತು. ಅವಳು ಇನ್ನೊಂದು ಪಕ್ಕದಿಂದ ಬಂದಳು. ನಿಧಾನವಾಗಿ ನಡೆದು ಬಂದು ಅವನ ಪಕ್ಕ ಕೂತು ಬಾಟಲಿಯ ನೀರು ಕುಡಿದಳು. ಅವನಿಗೂ ಕೊಟ್ಟಳು.

"ಹಿಂದೆ ಬರೀ ಗೋಡೆ ಅಪ್ಪ" ಎಂದಳು. "ಅಲ್ಲಿಂದ ಕಂಬ ಕಾಣೋದೇ ಇಲ್ಲ."

ಅವನು ನೀರು ಕುಡಿದ.

"ದೊಡ್ಡಪ್ಪನ್ನ ನಾನು ಎರಡು ಸಲ ನಮ್ಮ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ. ನಿಂಗೆ ಹೇಳಿರ್ಲಿಲ್ಲ. ಲಿಫ್ಟಲ್ಲಿ ಯಾವಾಗ್ಲೂ, ಎಷ್ಟನೇ ಮಹಡಿ ಬಂತು ನೋಡಮ್ಮ ಅಂತ ಹತ್ತಿದೋರನ್ನೆಲ್ಲ ಕೇಳೋರು, ಪಾಪ ಅನ್ನಿಸ್ತಿತ್ತು. ಎರಡು ಸಲಾನೂ ಡಾಕ್ಟ್ರು ಏನೂ ಇಲ್ಲ ಅಂದ್ರು. ಈ ವಯಸ್ಸಲ್ಲಿ ಇಂಥ ಕಣ್ಣು ನೋಡೇ ಇಲ್ಲ ಅಂದ್ರು. ಇವರು ನಂಬ್ಲೇ ಇಲ್ಲ. ಡಾಕ್ಟ್ರಿಗೇನು ಗೊತ್ತು, ನನ್ನ ಜೊತೇಲೇ ಇದ್ದೋನು, ಸ್ವಂತ ತಮ್ಮನ ಥರ ಇದ್ದೋನು ನೋಡಿ ಹೇಳಿದಾನೆ, ಅವನು ಸುಮ್ನೆ ಹೇಳ್ತಾನಾ ಅಂದ್ರು." ಅವಳು ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿದಳು. "ಯಾರು ಅಂತ ಎಷ್ಟು ಕೇಳಿದ್ರೂ ಹೇಳ್ಲಿಲ್ಲ."

ದೂರದಲ್ಲಿ ಗೈಡು ಬಾವುಟ ಎತ್ತಿ ಹನ್ನೊಂದು, ಹನ್ನೊಂದು ಎಂದು ಕೂಗುತ್ತಿದ್ದ. ಟೋಪಿಗಳು ಒಂದೊಂದಾಗಿ ಅವನ ಕಡೆಗೆ ಸೇರುತ್ತಿದ್ದವು.

"ಕರೀತಿದಾರೆ," ಎಂದ ಅವನು. "ಹೋಗೋಣ ನಡಿ."

ಅವಳು ಏಳಲಿಲ್ಲ.